ಹನ್ನೆರಡರಲ್ಲಿ ಒಂದು

ಸಿದ್ದಾರೂಢನ ಹಾಡು ಸಿಂದಗಿಯವರ ಬಾಯಿಗೆ ಬಿದ್ದ ಮೂರನೆಯ ವಾರ, ಒಂದು ಗುರುವಾರ ಮುಂಜಾನೆ, ಅವನ ಅವ್ವ ವಿಜಯಲಕ್ಷ್ಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿಬಿಟ್ಟಳು. ಹಂಚು ತೊಳೆದು ಗೋಡೆಗೆ ಆನಿಸಿದಳು, ಹಿಟ್ಟಿನ ಪರಾತವನ್ನು ಬೋರಲು ಹಾಕಿದಳು, ಅಂಗಳಕ್ಕೆ ಬಂದು ಮೆಂತ್ಯೆ ಸೊಪ್ಪು ಬಿಡಿಸುತ್ತ ಕುಳಿತಳು. ಒಂಬತ್ತು ವರ್ಷದಿಂದ ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿದು ಬಾಬುಲಾಲನ ಖಾನಾವಳಿಗೆ ಕಳಿಸುತ್ತಿದ್ದ ಹೆಂಗಸು ಅವಳು. ಜ್ವರ ಬಂದಾಗಲೂ ಬಿಟ್ಟಿರಲಿಲ್ಲ.

"ಯಾಕವ್ವಾ, ಮೈಯಾಗ ಹುಷಾರಿಲ್ಲೇನು?" ಎಂದು ಸಿದ್ದಾರೂಢ ಕೇಳಿದ.

"ಹುಷಾರ ಅದೀನಿ."

"ಮತ್ತ ರೊಟ್ಟಿ?"

"ಎಣಿಸಿ ಕೊಡೂ ಕೆಲಸ ಇನ್ನ ನನ್ನಿಂದ ಆಗೂದಿಲ್ಲ."

ಅವನಿಗೆ ತಲೆಬುಡ ತಿಳಿಯಲಿಲ್ಲ. ಒಂದು ಮಾತು ಕಿವಿಗೆ ಬಿದ್ದರೆ ಅದರ ತಾಳ ಹಿಡಿಯುವುದರಲ್ಲಿ ನಮ್ಮ ಸಿದ್ದಾರೂಢ ಎತ್ತಿದ ಕೈ. ಆ ಮಾತು ಯಾರಿಗೆ ಚುಚ್ಚಿತು ಎಂದು ತಿಳಿಯುವುದರಲ್ಲಿ ಮಾತ್ರ ತುಸು ನಿಧಾನ. ಅವ್ವನಿಗೆ ದಣಿವಾಗಿದೆ ಎಂದುಕೊಂಡು ಚಹಾ ಕುಡಿದು ಅಂಗಡಿಗೆ ಹೋದ.

ಅಂಗಡಿ ಅಂದರೆ ಅಬ್ದುಲರಜಾಕ ಚಾಚಾನ ಮೋಟಾರು ವೈಂಡಿಂಗ್ ಅಂಗಡಿ. ಸುತ್ತಲಿನ ಹೊಲಗಳಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳೆಲ್ಲ ಅಲ್ಲಿಗೆ ಬರುತ್ತವೆ. ಕರಕಾದ ತಂತಿ ಕತ್ತರಿಸಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿ ಕೂಡಿಸುವುದು ಸಿದ್ದಾರೂಢನ ಕೆಲಸ. ಸುತ್ತು ತಪ್ಪಬಾರದು. ಬಾಯಲ್ಲಿ ಎಣಿಕೆ ಹಾಕುತ್ತ ಹಾಕುತ್ತಲೇ ಅವನಿಗೆ ಮಾತು ಪ್ರಾಸವಾಗುವ ಚಟ ಹತ್ತಿದ್ದು. ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಗೀಚಿಕೊಳ್ಳುತ್ತಿದ್ದ. ಊಟದ ಬಿಡುವಿನಲ್ಲಿ ಗೆಳೆಯ ಅಫ್ರೋಜನ ಫೋಟೋ ಸ್ಟುಡಿಯೋಕ್ಕೆ ಹೋಗಿ, ಅವನು ಕಂಪ್ಯೂಟರಿನಲ್ಲಿ ಕೂಡಿಸಿದ ಬೀಟಿನ ಮೇಲೆ ರ್‍ಯಾಪ್ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದ. ಹೆಸರು 'ಕಡಕ್ ಸಿದ್ಯಾ'.

ಮೊದಲಿನ ಎರಡು ವರ್ಷ ಆ ಹಾಡುಗಳಲ್ಲಿ ಬಂದೂಕು, ಬಂಗಾರದ ಸರ, ಮುಂಬೈಯ ಗಲ್ಲಿ, ಇವೇ ಇದ್ದವು. ಕೇಳುವವರು ಅಫ್ರೋಜ ಮತ್ತು ಅವನ ಇಬ್ಬರು ತಮ್ಮಂದಿರು. ಒಂದು ದಿನ ಚಾಚಾ ಒಂದು ಹಾಡು ಪೂರ್ತಿ ಕೇಳಿ ಕನ್ನಡಕ ತೆಗೆದ.

"ಬಂದೂಕ ಯಾವಾಗರೆ ಕೈಯಾಗ ಹಿಡದಿಯೇನೋ?"

"ಇಲ್ರಿ ಚಾಚಾ."

"ಮುಂಬೈ ನೋಡಿಯೇನು?"

"ಸೊಲ್ಲಾಪುರತನ ಹೋಗೇನ್ರಿ."

"ಹಂಗಾರ ಹಿಡದದ್ದು, ನೋಡಿದ್ದು ಬರಿ. ಇಲ್ಲಾಂದ್ರ ನಿನ್ನ ಮಾತು ನಿನಗ ರುಚಿ ಹತ್ತೂದಿಲ್ಲ, ಮಂದಿಗೆ ಹ್ಯಾಂಗ ಹತ್ತತೈತಿ?"

ಹಾಡು ಕಟ್ಟುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಶಾಲೆಯಲ್ಲೂ ಸಿಗಲಿಕ್ಕಿಲ್ಲ. ಸಿದ್ದಾರೂಢ ಮನೆಯ ಕಡೆ ಕಿವಿ ತೆರೆದ. ಮನೆಯಲ್ಲಿ ಆಯಿ ಇದ್ದಳು, ಅಪ್ಪನ ತಾಯಿ.

ಹೊನ್ನವ್ವ ಆಯಿಗೆ ಎಪ್ಪತ್ತಾರು. ಬೀಗರ ಹಾಡು ಕಟ್ಟುವುದರಲ್ಲಿ ಯಂಕಂಚಿಯಿಂದ ಮೋರಟಗಿವರೆಗೆ ಹೆಸರಾದವಳು. ಮದುವೆಯಲ್ಲಿ ಬೀಗರನ್ನು ಹೀಯಾಳಿಸಿ ಹೆಂಗಸರು ಹಾಡುತ್ತಾರಲ್ಲ, ಅದರಲ್ಲಿ ಅವಳ ಎದುರು ಕೂತವರು ತಲೆ ಎತ್ತಿದ್ದಿಲ್ಲ. ಯಾರ ಮೂಗು, ಯಾರ ಜಿಪುಣತನ, ಯಾರ ಗಂಡನ ಗೊರಕೆ, ಎಲ್ಲವೂ ಅವಳ ಬಾಯಲ್ಲಿ ಹಾಡಾಗುತ್ತಿದ್ದವು. ಅವಳು ಕಟ್ಟಿದ್ದರಲ್ಲಿ ಮನೆಮಂದಿಗೆಲ್ಲ ಬಾಯಿಪಾಠವಾದದ್ದು ಒಂದಿತ್ತು. ಹಳೆಯ ಮಾತು, ಕೂಡುಕುಟುಂಬ ಇನ್ನೂ ಯಂಕಂಚಿಯಲ್ಲಿದ್ದಾಗ, ಸೊಸೆ ವಿಜಯಲಕ್ಷ್ಮಿ ಬಡಿದಿಟ್ಟ ರೊಟ್ಟಿಯಲ್ಲಿ ಒಂದು ಕಡಿಮೆ ಬಂದಿತ್ತಂತೆ. ಆಯಿ ಬುಟ್ಟಿ ಎಣಿಸಿ, ಅಲ್ಲಿಯೇ ನಿಂತು ಕಟ್ಟಿದ್ದಳಂತೆ:

ಹನ್ನೆರಡು ಬಡದಾಕಿ, ಹನ್ನೊಂದು ಇಟ್ಟಾಕಿ,
ಒಂದೆಲ್ಲಿ ಹೋತ ಹೇಳ, ಒಲಿ ಮುಂದ ಕುಂತಾಕಿ,
ಮೀಸಿ ಇಲ್ಲದ ಬೆಕ್ಕು, ಸೀರಿ ಉಟ್ಟಾಕಿ.

ತೊಟ್ಟಿಲ ಕಾರ್ಯವಿರಲಿ, ಹಬ್ಬವಿರಲಿ, ನೆಂಟರು ನೆರೆದಾಗ ಯಾರಾದರೂ "ಹೊನ್ನವ್ವಾ, ಬೆಕ್ಕಿನ ಹಾಡು" ಅನ್ನುತ್ತಿದ್ದರು, ಆಯಿ ಹಾಡುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ಅವ್ವನೂ ಸೆರಗು ಬಾಯಿಗೆ ಹಿಡಿದು ಕೂತಿರುತ್ತಿದ್ದಳು. ಸಿದ್ದಾರೂಢ ಆ ನಗುವಿನಲ್ಲಿ ಬೆಳೆದವನು. ಒಂದು ರವಿವಾರ ಆಯಿಯ ದನಿಯನ್ನು ಫೋನಿನಲ್ಲಿ ಹಿಡಿದ. ಅಫ್ರೋಜ ಅದರ ಕೆಳಗೆ ರೊಟ್ಟಿ ಬಡಿಯುವ ಸದ್ದು ಕೂಡಿಸಿದ. ಮುಂದಿನದನ್ನು ಸಿದ್ದಾರೂಢ ಬರೆದ: ರೊಟ್ಟಿ ಕಳ್ಳಿ ಬೆಕ್ಕು ಹೇಗೆ ಬಂತು, ಹೇಗೆ ತಿಂತು, ಹೇಗೆ ಮೂತಿ ಒರೆಸಿಕೊಂಡಿತು ಎಂದು ಮೂರು ನಿಮಿಷದ ರ್‍ಯಾಪು.

ವಾರದಲ್ಲಿ ಹಾಡು ಎರಡು ಲಕ್ಷ ಮಂದಿಯ ಫೋನಿನಲ್ಲಿತ್ತು. ಅಪ್ಪ ಬಸಂತರಾಯ ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಬಸ್ಸು ಓಡಿಸುವ ಡ್ರೈವರು. ಅವನ ಕಂಡಕ್ಟರು ಅದನ್ನೇ ರಿಂಗ್‌ಟೋನ್ ಮಾಡಿಕೊಂಡ. ಬಸವನ ಬಾಗೇವಾಡಿಯ ಅತ್ತೆ ಫೋನು ಮಾಡಿ ಅತ್ತಳಂತೆ, ಸಂತೋಷಕ್ಕೆ. ಮನಗೂಳಿಯಲ್ಲಿ ನೆಂಟರ ಮದುವೆಯ ಊಟದ ಹೊತ್ತಿಗೆ ಡಿಜೆಯವನು ಅದನ್ನು ಹಚ್ಚಿದ. ಅವ್ವ ಪಂಕ್ತಿಯಲ್ಲಿ ರೊಟ್ಟಿ ಬಡಿಸುತ್ತಿದ್ದಳು. ಪಂಕ್ತಿಗೆ ಪಂಕ್ತಿಯೇ ಎಲೆಯ ಮೇಲಿನ ರೊಟ್ಟಿ ಎಣಿಸುತ್ತ ಚಪ್ಪಾಳೆ ತಟ್ಟಿತು. ಯಾರೋ "ಬೆಕ್ಕು ಇಲ್ಲೇ ಬಂತ ನೋಡ್ರಿ" ಅಂದರು. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡಳು. ಸಿದ್ದಾರೂಢ ದೂರದಿಂದ ನೋಡಿ, ಅವ್ವನಿಗೂ ಮಜಾ ಬರುತ್ತಿದೆ ಎಂದುಕೊಂಡ.

ರೊಟ್ಟಿ ನಿಂತ ಮನೆ ಹೇಗಿರುತ್ತದೆ ಎಂದು ಆ ವಾರ ತಿಳಿಯಿತು. ಮುಂಜಾನೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ಸಂಜೆ ಮತ್ತೆ ಅನ್ನ. ಮೂರನೆಯ ದಿನ ಬಸಂತರಾಯ ತಾಟು ಹಿಂದಕ್ಕೆ ಸರಿಸಿದ.

"ಅನ್ನ ಉಂಡು ಬಸ್ ಹೊಡ್ಯಾಕ ಆಗೂದಿಲ್ಲ. ತಾಳಿಕೋಟಿ ದಾಟೂದ್ರಾಗ ಹಸಿವ್ಯಾಗತೈತಿ."

"ತಾಳಿಕೋಟ್ಯಾಗ ಹೋಟೆಲ್ ಅದಾವು," ಎಂದಳು ವಿಜಯಲಕ್ಷ್ಮಿ.

"ಏನಾಗೇತಿ ಇಕಿಗೆ?" ಎಂದು ಅವನು ತಾಯಿಯ ಮುಖ ನೋಡಿದ.

"ನನಗೇನ ಕೇಳ್ತಿ? ನಾ ಏನರೆ ಅಂದೇನೇನು?" ಆಯಿ ಮುಖ ಊದಿಸಿಕೊಂಡಳು. ಸೋಮವಾರ ತಾನೇ ಹಂಚು ಇಟ್ಟು ಕೂತಳು. ಕೈ ನಡುಗಿ ಮೊದಲ ರೊಟ್ಟಿ ಹರಿಯಿತು, ಎರಡನೆಯದು ಹೊತ್ತಿತು, ಮೂರನೆಯದಕ್ಕೆ ಸೊಂಟ ಹಿಡಿಯಿತು. ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ಶೈಲಶ್ರೀಯನ್ನು ಕರೆದರೆ ಅವಳು "ನಂಗ ಪರೀಕ್ಷಾ ಅದಾವ ಆಯಿ" ಎಂದು ಚಪ್ಪಲಿ ಮೆಟ್ಟಿದಳು.

ಇತ್ತ ಸಿದ್ದಾರೂಢನಿಗೆ ಇಂಡಿ ಪಟ್ಟಣದಿಂದ ಕರೆ ಬಂದಿತ್ತು. ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದಲ್ಲಿ, ರವಿವಾರ ಮಧ್ಯಾಹ್ನ ಅವನ ಕಾರ್ಯಕ್ರಮ. ದೊಡ್ಡ ವೇದಿಕೆ, ಎರಡು ಸಾವಿರ ಮಂದಿ. ಅಲ್ಲಿ ಜನಕ್ಕೆ ಹಿಡಿಸಿದರೆ ವಿಜಯಪುರದ ಒಂದು ಹಾಡಿನ ಕಂಪನಿಯವರು ಮಾತಾಡುತ್ತಾರಂತೆ. ಅವನ ಕಾಲು ನೆಲದ ಮೇಲಿರಲಿಲ್ಲ. ಅದೇ ಉಮೇದಿಯಲ್ಲಿ ಊಟದ ಹೊತ್ತಿಗೆ ಹೇಳಿದ:

"ಅವ್ವಾ, ನೀ ತಲಿ ಕೆಡಸಕೋಬ್ಯಾಡ. ಇಂಡ್ಯಾಗ ಒಂದು ಪ್ರೋಗ್ರಾಂ ಮುಗೀಲಿ, ನಿನಗ ರೊಟ್ಟಿ ಮಾಡೂ ಮಶೀನ್ ತರ್ತೇನಿ. ಬಟನ್ ಒತ್ತಿದ್ರ ತಾನ ಎಣಿಸ್ತೈತಿ."

ಅವ್ವ ಬಡಿಸುತ್ತಿದ್ದ ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ಶೈಲಶ್ರೀ ಅಣ್ಣನನ್ನು ನೋಡಿದ ನೋಟಕ್ಕೆ ಅನ್ನ ಹಳಸಬೇಕಿತ್ತು.

"ಅಣ್ಣಾ, ನಿನ್ನ ಹಾಡಿನ್ಯಾಗಿನ ಬೆಕ್ಕು ಯಾರು?"

"ಅದು ಆಯಿ ಹೇಳೂ ತಮಾಷಿ."

"ಯಾರ ಮ್ಯಾಲ ತಮಾಷಿ?"

ಅವನು ತುತ್ತು ನುಂಗಿದ. "ಮನ್ಯಾಗ ಎಲ್ಲಾರೂ ನಗ್ತಿದ್ರಲ್ಲ. ಅವ್ವನೂ ನಗ್ತಿದ್ಲು."

"ಮನ್ಯಾಗ ಹತ್ತು ಮಂದಿ ಇದ್ರು. ಈಗ ಎರಡು ಲಕ್ಷ. ಬಾಬುಲಾಲ ಕಾಕಾ ಖಾನಾವಳಿ ಮುಂದ ಬೋರ್ಡ್ ಹಾಕ್ಯಾನ, ನೋಡಿಯೇನು? ಸೀರಿ ಉಟ್ಟ ಬೆಕ್ಕಿನ ಚಿತ್ರ ಬರಸ್ಯಾನ. 'ಹನ್ನೆರಡರ ಮ್ಯಾಲ ಒಂದು ಫುಕಟ್.' ರೊಟ್ಟಿ ಬಿಡೂ ಹಿಂದಿನ ದಿನ ಅವ್ವ ಬುಟ್ಟಿ ತಗೊಂಡು ಹೋದಾಗ ಉಣ್ಣಾಕ ಕುಂತವ್ರು ಏನಂದ್ರು ಗೊತ್ತೇನು? 'ಎಣಿಸಿ ತಗೋರಿ ಸೇಠ, ಒಂದು ಕಮ್ಮಿ ಇರ್ತಾವು.'"

"ನನಗ ಯಾಕ ಹೇಳಲಿಲ್ಲ?"

"ಕೇಳಿದ್ದೇನು ನೀ?"

ಆಯಿ ಇದನ್ನೆಲ್ಲ ಕೇಳುತ್ತ ಕೂತಿದ್ದಳು. ಅವಳಿಗೂ ಊಟ ಸೇರಲಿಲ್ಲ.

ಸಿದ್ದಾರೂಢ ಮಧ್ಯಾಹ್ನವೇ ಅಫ್ರೋಜನ ಸ್ಟುಡಿಯೋಕ್ಕೆ ಓಡಿದ. ಹಾಡು ತೆಗೆದುಬಿಡು ಎಂದ. ಅಫ್ರೋಜ ಕಂಪ್ಯೂಟರು ಅವನ ಕಡೆ ತಿರುಗಿಸಿದ.

"ತಗೀತೇನಿ. ನಮ್ಮದ ತಗದ್ರ ಉಳದ ಮುನ್ನೂರು ಮಂದಿ ಹಾಕ್ಯಾರಲ್ಲ, ಅದನ್ನ ಯಾರು ತಗೀತಾರ? ಬೀದರದಾಗ ಒಬ್ಬಾಂವ ಇದಕ್ಕ ಡಾನ್ಸ್ ಮಾಡ್ಯಾನ, ನೋಡು."

"ತಗಿ."

ಅಫ್ರೋಜ ತೆಗೆದ. ಸಂಜೆಗೆ ಅದೇ ಹಾಡು ಬೇರೆಯವರ ಹೆಸರಿನಲ್ಲಿ ಬಸ್‌ಸ್ಟ್ಯಾಂಡಿನ ಪಾನಂಗಡಿಯಲ್ಲಿ ಕೂಗುತ್ತಿತ್ತು. ಬಾಯಿಂದ ಹೊರಗೆ ಹೋದ ಮಾತನ್ನು ವಾಪಸು ಕರೆಯಲು ಬರುವುದಿಲ್ಲ ಎಂಬುದು ಅವನಿಗೆ ಮೊದಲೂ ತಿಳಿದಿತ್ತು. ಅದರ ಭಾರ ಎಷ್ಟು ಎಂಬುದು ಆ ದಿನ ತಿಳಿಯಿತು.

ಮರುದಿನ ಅವನು ವೈಂಡಿಂಗಿನಲ್ಲಿ ಎರಡು ಸಲ ಎಣಿಕೆ ತಪ್ಪಿದ. ಚಾಚಾ ಕಾರಣ ಕೇಳಿದ, ಅವನು ಹೇಳಿದ. ಚಾಚಾ ಕತ್ತರಿ ಒರೆಸಿ ಕೆಳಗಿಟ್ಟ.

"ಹಿಡದದ್ದು ಬರಿ ಅಂತ ನಾನ ಹೇಳಿದ್ದೆ. ಬರಿಯೂಕಿಂತ ಮೊದಲ ಅದು ಯಾರದು ಅಂತ ಕೇಳಬೇಕು, ಅದನ್ನ ಹೇಳೂದು ಮರತೆ."

"ಈಗ ಏನ ಮಾಡ್ಲಿ ಚಾಚಾ?"

"ನನಗೇನ ಗೊತ್ತೋ ಹಾಡಿಂದು? ನಿಮ್ಮವ್ವನ್ನ ಕೇಳು."

ಆದರೆ ಹಾಡು ಕಟ್ಟುವವರಿಗೆ ಒಂದು ಹುಚ್ಚಿರುತ್ತದೆ. ಕೇಳುವುದಕ್ಕಿಂತ ಮೊದಲು ಬರೆದುಬಿಡುತ್ತಾರೆ. ಸಿದ್ದಾರೂಢ ಎರಡು ದಿನ ಕೂತು ಅವ್ವನ ಮೇಲೆ ಹೊಸ ಹಾಡು ಬರೆದ. ಅದರಲ್ಲಿ ಅವ್ವ ದೇವರು, ಅವ್ವ ಭೂಮಿ, ಅವ್ವನ ಕಣ್ಣೀರು ಗಂಗೆ. ಬರೆಯುವಾಗ ಅವನಿಗೇ ಕಣ್ಣು ತುಂಬಿ ಬಂದಿದ್ದವು. ಶುಕ್ರವಾರ ಮುಂಜಾನೆ ಅವ್ವ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಎದುರು ನಿಂತು ಓದಿದ. ಅವಳು ಚಾದರದ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಅವನು ಒಂದು ಕೈಯಲ್ಲಿ ಚಾದರ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಓದಿ ಮುಗಿಸಿದ.

"ಹ್ಯಾಂಗೈತಿ?"

"ಚಂದ ಐತಿ."

"ಖರೆ ಹೇಳವ್ವಾ."

ಅವಳು ಚಾದರ ಝಾಡಿಸಿ ತಂತಿಗೆ ಹಾಕಿದಳು. "ಇದರಾಗ ದೇವ್ರದಾನ, ಗಂಗಿ ಅದಾಳ. ನಾ ಎಲ್ಲದೀನೋ?"

ಅವಳು ಹೇಳಿದ್ದು ನಿಜ. ಆ ಹಾಡಿನಲ್ಲಿದ್ದದ್ದು ಯಾರ ಅವ್ವನಾದರೂ ಆಗಬಹುದಿತ್ತು. ಬಂದೂಕಿನ ಹಾಡು ಬರೆಯುವಾಗ ಹೇಗೆ ಬೇರೆಯವರ ಮಾತು ಎರವಲು ತಂದಿದ್ದನೋ ಇದಕ್ಕೂ ಹಾಗೆಯೇ ತಂದಿದ್ದ. ಕಾಗದ ಮಡಚಿ ಕಿಸೆಗಿಟ್ಟುಕೊಂಡು, ಬಾವಿಯ ಕಟ್ಟೆಯ ಮೇಲೆ ಕೂತು, ಮೊದಲೇ ಕೇಳಬೇಕಾಗಿದ್ದನ್ನು ಈಗ ಕೇಳಿದ.

"ಆವತ್ತ ಏನಾಗಿತ್ತವ್ವಾ?"

"ಯಾವತ್ತ?"

"ಒಂದು ರೊಟ್ಟಿ ಕಮ್ಮಿ ಬಂದಾವತ್ತ."

ವಿಜಯಲಕ್ಷ್ಮಿ ಹಿಂಡಿದ ಸೀರೆಯನ್ನು ಕೈಯಲ್ಲೇ ಹಿಡಿದು ನಿಂತಳು. ಇಷ್ಟು ವರ್ಷದಲ್ಲಿ ಆ ಹಾಡನ್ನು ನೂರು ಸಲ ಕೇಳಿದವರಿದ್ದರು. ಈ ಮಾತನ್ನು ಒಬ್ಬರೂ ಕೇಳಿರಲಿಲ್ಲ.

"ಏನಿಲ್ಲೋ. ಜೋಳದ ರಾಶಿ ನಡದಿತ್ತು. ಹೊಲಕ್ಕ ಬುತ್ತಿ ಕಟ್ಟಬೇಕಿತ್ತು, ಮನಿಯಾಗ ಗಂಡಸರು ಉಣ್ಣಾವ್ರಿದ್ರು. ಹೊಲದ್ದು ಕಳಿಸಿ, ಮನಿಗೆ ಹನ್ನೆರಡು ಬಡದಿದ್ದೆ. ಅತ್ತಿ ಗಿರಣಿಗೆ ಹೋಗಿದ್ರು. ನನಗ ಏಳು ತಿಂಗಳು. ಮುಂಜಾನಿಂದ ಚಹಾದ ಮ್ಯಾಲ ಇದ್ದೆ. ಹೊಟ್ಟ್ಯಾಗ ಕೂಸು ಒದ್ಯಾಕತ್ತಿತ್ತು. ತಡಕೊಳ್ಳಾಕ ಆಗಲಿಲ್ಲ. ಒಂದ ತಗೊಂಡೆ. ಪಲ್ಯ ಇಲ್ಲ, ಖಾರ ಇಲ್ಲ. ಒಲಿ ಮುಂದ ನಿಂತು, ಬಾಗಲ ಕಡೆ ನೋಡಕೋತ ತಿಂದೆ. ಗಂಟಲಾಗ ಸಿಕ್ಕೊಂತು. ನೀರು ಕುಡಿಯೂದ್ರಾಗ ಅತ್ತಿ ಬಂದ್ರು, ಎಣಿಸಿದ್ರು."

"ಆಮ್ಯಾಲ?"

"ಆಮ್ಯಾಲ ಹಾಡಾತು. ಮಾವ ನಕ್ರು, ಮೈದುನಗೋಳು ನಕ್ರು. ನಿಮ್ಮಪ್ಪನೂ ನಕ್ಕ. ನಾನೂ ನಕ್ಕೆ. ನಗದಿದ್ರ ಅಳಬೇಕಿತ್ತು. ಅಷ್ಟು ಮಂದ್ಯಾಗ ಹ್ಯಾಂಗ ಅಳ್ಳಿ? ಆವತ್ತಿಂದ ಇಲ್ಲೀತನ ಎಲ್ಲಾರೂ ಉಂಡ ಮ್ಯಾಲ ಉಳದದ್ದ ಉಂಡೇನಿ ನೋಡು. ಯಾರೂ ಎಣಸಬಾರದು ಅಂತ."

ಏಳು ತಿಂಗಳ ಆ ಕೂಸು ಯಾರೆಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವಳ ಮೊದಲ ಬಸುರಿನ ಮಗ ಇಪ್ಪತ್ತೈದು ವರ್ಷದವನಾಗಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ತಾನು ಒದ್ದದ್ದಕ್ಕೆ ಅವ್ವ ತಿಂದ ರೊಟ್ಟಿಯನ್ನು ತಾನೇ ಊರಿಗೆಲ್ಲ ಎಣಿಸಿ ತೋರಿಸಿದ್ದ. ಅವನಿಗೆ ಅಳು ಬಂತು, ಮುಚ್ಚಿಕೊಳ್ಳದೆ ಅತ್ತ. ಅವ್ವ ಹಸಿ ಕೈಯಿಂದಲೇ ಅವನ ತಲೆ ಮುಟ್ಟಿ, ಉಳಿದ ಬಟ್ಟೆ ಒಣಹಾಕಲು ಹೋದಳು.

ಹಿತ್ತಲ ಬಾಗಿಲಲ್ಲಿ ಹೊನ್ನವ್ವ ಆಯಿ ಬಂದು ನಿಂತದ್ದನ್ನು ಇಬ್ಬರೂ ನೋಡಿರಲಿಲ್ಲ. ಅವಳು ನಿಧಾನವಾಗಿ ಬಂದು ಮೊಮ್ಮಗನ ಪಕ್ಕ ಕೂತು, ಕುಪ್ಪಸದ ತೋಳು ಮೇಲಕ್ಕೆ ಸರಿಸಿದಳು. ಮೊಣಕೈಯ ಹತ್ತಿರ ಹಳೆಯ ಸುಟ್ಟ ಗಾಯದ ಕಲೆ ಇತ್ತು.

"ಇದು ನನ್ನ ಅತ್ತೀದು. ಆಕೀನೂ ಎಣಿಸ್ತಿದ್ಲು. ಕಮ್ಮಿ ಬಂದ್ರ ಒಲ್ಯಾಗಿನ ಕೊಳ್ಳಿ ತಗೋತಿದ್ಲು. ನನ್ನ ಸೊಸಿಗೆ ಹಿಂಗ ಮಾಡಬಾರದು ಅಂತ ಆಣಿ ಮಾಡಿದ್ದೆ. ಅದಕ್ಕ ಹಾಡು ಮಾಡಿದೆ. ನಕ್ಕು ಬಿಟ್ರ ಮುಗೀತು ಅಂದ್ಕೊಂಡೆ." ಸೊಸೆಯ ಕಡೆ ನೋಡಿ, "ಇಕಿ ನಗ್ತಿದ್ಲಲ್ಲೋ," ಅಂದಳು. ಆ ದನಿಯಲ್ಲಿ ಮದುವೆ ಮನೆಯ ಹೊನ್ನವ್ವ ಇರಲಿಲ್ಲ.

ವಿಜಯಲಕ್ಷ್ಮಿ ತಂತಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ತಿರುಗದೆಯೇ, "ಬಿಸಲ ಜೋರೈತ್ರಿ ಅತ್ತಿ, ಒಳಗ ಹೋಗ್ರಿ" ಅಂದಳು.

ಆ ದಿನ ವೈಂಡಿಂಗ್ ಮಾಡುತ್ತ ಸಿದ್ದಾರೂಢ ನಾಲ್ಕು ಸಾಲು ಕಟ್ಟಿದ. ಆಯಿಯ ಪದ್ಧತಿಯಲ್ಲಿಯೇ ಕಟ್ಟಿದ, ಅವ್ವ ಹೇಳಿದ್ದಕ್ಕಿಂತ ಹೆಚ್ಚು ಏನೂ ಹಾಕಲಿಲ್ಲ. ಈ ಸಲ ಬಿಲ್ಲಿನ ಕಾಗದವನ್ನು ಸೀದಾ ಅವ್ವನ ಹತ್ತಿರ ಒಯ್ದ. ಶೈಲಶ್ರೀ ಪುಸ್ತಕ ಮುಚ್ಚಿ ಕೇಳಿದಳು, ಆಯಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

ಏಳು ತಿಂಗಳ ಬಸುರಿ, ಒಲಿ ಮುಂದ ನಿಂತಾಕಿ,
ಪಲ್ಯ ಇಲ್ಲ ಖಾರ ಇಲ್ಲ, ಬಾಗಲ ನೋಡಾಕಿ,
ಹನ್ನೆರಡು ಬಡದು ಒಂದ ಕದ್ದು ತಿಂದಾಕಿ,
ಹೊಟ್ಟ್ಯಾಗ ನಾನಿದ್ದೆ, ನನ್ನ ಹೊತ್ತಾಕಿ.

ಅವ್ವ ಕಾಗದ ಇಸಿದುಕೊಂಡು ತುಟಿ ಅಲುಗಿಸುತ್ತ ಓದಿದಳು. ಆಮೇಲೆ ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು.

"'ಕದ್ದು' ತಗಿ."

"ಯಾಕವ್ವಾ?"

"ನಾ ಕದ್ದಿಲ್ಲ. ಹಿಟ್ಟು ನಾದಿದಾಕಿ ನಾ, ಬಡದಾಕಿ ನಾ, ಬೇಯಿಸಿದಾಕಿ ನಾ. ತಿಂದೆ. ಅಷ್ಟ."

ಆಯಿ ತಲೆ ತಗ್ಗಿಸಿದಳು. ಸಿದ್ದಾರೂಢ ಪೆನ್ನು ತೆಗೆದು ಆ ಮಾತನ್ನು ಹೊಡೆದು ಹಾಕಿದ. ಅಫ್ರೋಜ ಮರುದಿನ ತಕರಾರು ತೆಗೆದ. ಸಾಲು ಕುಂಟುತ್ತದೆ, ಎರಡು ಪೆಟ್ಟು ಖಾಲಿ ಉಳಿಯುತ್ತವೆ, 'ಬಿಸಿ' ಅಂತಲೋ 'ಗಪ್' ಅಂತಲೋ ಏನಾದರೂ ತುಂಬು ಎಂದ. ಹಾಗೆ ನೋಡಿದರೆ ಅಫ್ರೋಜನ ಮಾತು ಸರಿಯೇ. ಆದರೆ ಸಿದ್ದಾರೂಢ ಕೇಳಲಿಲ್ಲ.

"ಖಾಲಿ ಇರಲಿ."

"ಮಂದಿ ನೀ ಮರತಿ ಅಂತಾರ."

"ಅಂದ್ರ ಅನ್ನಲಿ."

ರವಿವಾರ ಇಂಡಿಗೆ ಹೋಗುವಾಗ ಅವ್ವನನ್ನು ಕರೆದ. "ನಾ ಯಾಕ? ನನಗ ಬ್ಯಾರೆ ಕೆಲಸ ಐತಿ" ಅಂದಳು. ಏನು ಕೆಲಸ ಎಂದು ಹೇಳಲಿಲ್ಲ. ಅವನು ಅಫ್ರೋಜನ ಬೈಕಿನ ಹಿಂದೆ ಕೂತು ಹೋದ.

ಕಾಲೇಜಿನ ಮೈದಾನದಲ್ಲಿ ಶಾಮಿಯಾನ, ಎರಡು ಕಡೆ ಆಳೆತ್ತರದ ಸ್ಪೀಕರು. ಅವನು ವೇದಿಕೆ ಏರುತ್ತಲೇ ಹುಡುಗರು "ಬೆಕ್ಕು, ಬೆಕ್ಕು" ಎಂದು ಕೂಗಿದರು. ಮೊದಲು ಎರಡು ಹಾಡು ಹಾಡಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಇಡೀ ಮೈದಾನ ಎದ್ದು ನಿಂತಿತು. "ಹನ್ನೆರಡು ಬಡದಾಕಿ" ಎಂದು ಅವರೇ ಶುರು ಮಾಡಿದರು. ಅವನು ಮೈಕು ಕೆಳಗಿಳಿಸಿ, ಅವರು ಸುಮ್ಮನಾಗುವವರೆಗೆ ನಿಂತ. ಆಮೇಲೆ ಆ ನಾಲ್ಕು ಸಾಲು ಹೇಳಿದ.

ಮೂರನೆಯ ಸಾಲಿನ ಖಾಲಿ ಜಾಗದಲ್ಲಿ ಮೈದಾನಕ್ಕೆ ಏನು ಕೂಗಬೇಕೋ ತಿಳಿಯಲಿಲ್ಲ. ನಾಲ್ಕನೆಯ ಸಾಲು ಮುಗಿದಾಗ ಮುಂದಿನ ಸಾಲಿನ ಕೆಲವು ಹುಡುಗಿಯರು ಚಪ್ಪಾಳೆ ತಟ್ಟಿದರು. ಹಿಂದಿನಿಂದ "ಹಳೇದು ಹಾಡಲೇ" ಎಂದು ಸೀಟಿ ಬಂತು. ಅವನು ಹಳೆಯದನ್ನು ಹಾಡಲಿಲ್ಲ, ನಮಸ್ಕಾರ ಮಾಡಿ ಇಳಿದ. ಕಾರ್ಯಕ್ರಮದ ಮುಖ್ಯಸ್ಥ, "ನಾವು ಕರಸಿದ್ದ ಯಾವುದಕ್ಕ, ನೀ ಹಾಡಿದ್ದ ಯಾವುದು" ಎಂದು ಮೂಗು ಮುರಿದ. ವಿಜಯಪುರದ ಕಂಪನಿಯವರು ಮಾತಾಡದೆ ಕಾರು ಹತ್ತಿದರು. ಅಫ್ರೋಜ ಬೈಕಿನ ಕೀಲಿಕೈ ತಿರುಗಿಸುತ್ತ ಆಕಾಶ ನೋಡಿದ.

ಶಾಮಿಯಾನದ ಹಿಂದೆ ಊಟದ ಪಾತ್ರೆ ತಿಕ್ಕುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಬೂದಿಯ ಕೈಯಲ್ಲೇ ಅವನನ್ನು ತಡೆದಳು. ಇಂದುಬಾಯಿ ಎಂದು ಅಲ್ಲಿಯವರು ಕರೆಯುತ್ತಿದ್ದರು.

"ತಮ್ಮಾ, ನೀನ ಏನು ಈಗ ಹಾಡಿದಾಂವ?"

"ಹೌದ್ರಿ."

"ಆಕಿ ಆಮ್ಯಾಲ ಉಂಡ್ಲೇನು?"

ಬಂದೂಕಿನ ಹಾಡಿಗೆ ಯಾರೂ ಹೀಗೆ ಮುಂದೇನಾಯಿತು ಎಂದು ಕೇಳಿರಲಿಲ್ಲ. ಬೆಕ್ಕಿನ ಹಾಡಿಗೆ ಎರಡು ಲಕ್ಷ ಮಂದಿಯಲ್ಲಿ ಒಬ್ಬರೂ ಕೇಳಿರಲಿಲ್ಲ. "ಗೊತ್ತಿಲ್ರಿ ಆಯಿ, ಕೇಳ್ತೇನಿ" ಎಂದು ಹೇಳಿ ಬೈಕು ಹತ್ತಿದ. ಸಿಂದಗಿ ಬರುವವರೆಗೆ ಅಫ್ರೋಜ ಕಂಪನಿಯ ಬಗ್ಗೆ ಗೊಣಗುತ್ತಿದ್ದ. ಸಿದ್ದಾರೂಢನಿಗೆ ಒಂದೇ ಮಾತು ಕೇಳಿಸುತ್ತಿತ್ತು.

ಹೊತ್ತು ಇನ್ನೂ ಮುಳುಗಿರಲಿಲ್ಲ. ಓಣಿಯ ತಿರುವಿನಲ್ಲಿಯೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಶೈಲಶ್ರೀ ವರದಿ ಒಪ್ಪಿಸಿದಳು.

"ಅವ್ವ ಖಾನಾವಳಿಗೆ ಹೋಗಿದ್ಲು. ನಾನೂ ಹೋಗಿದ್ದೆ. 'ಬಾಬುಲಾಲಭಾವು, ಬೋರ್ಡ್ ಇಳಸ್ರಿ, ರೊಟ್ಟಿ ಬರ್ತಾವು. ಇಳಸದಿದ್ರ ಬ್ಯಾರೆದವ್ರ ಕಡೆ ನೋಡಕೋರಿ' ಅಂದ್ಲು. ಆತ ಏನೇನೋ ನಗಚಾಟಿಕಿ ಮಾಡಾಕ ಹೋದ. ಅವ್ವ ನಗಲಿಲ್ಲ. ಸುಮ್ಮನ ನಿಂತ್ಲು. ಆತ ತಾನ ಏಣಿ ಹಚ್ಚಿ ಇಳಿಸಿದ."

ಅಡುಗೆ ಮನೆಯಲ್ಲಿ ಎಲ್ಲರೂ ಕೂತಿದ್ದರು. ಬಸಂತರಾಯ ಮುದ್ದೇಬಿಹಾಳದ ಟ್ರಿಪ್ಪು ಮುಗಿಸಿ ಖಾಕಿ ಅಂಗಿಯಲ್ಲೇ ತಾಟಿನ ಮುಂದೆ ಕೂತುಬಿಟ್ಟಿದ್ದ. ಹತ್ತು ದಿನದ ಮೇಲೆ ರೊಟ್ಟಿಯ ವಾಸನೆ ಮನೆ ತುಂಬಿತ್ತು. ಅವ್ವ ಹಂಚಿನ ಮೇಲಿಂದ ಮೊದಲ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿದಳು.

"ಬಂದೇನು? ಕೈ ತೊಳಕೊಂಡು ಕೂಡು. ಪ್ರೋಗ್ರಾಂ ಹ್ಯಾಂಗಾತು?"

"ಆತು. ಅವ್ವಾ, ಆವತ್ತ ಆಮ್ಯಾಲ ನೀ ಉಂಡಿಯೇನು?"

ಅವಳು ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಅವನನ್ನು ನೋಡಿದಳು. "ಇಲ್ಲ," ಅಂದಳು. "ಹನ್ನೊಂದ ಇದ್ವು. ಉಣ್ಣಾವ್ರಿಗೆ ಸರಿ ಆದ್ವು."

ಬಸಂತರಾಯ ರೊಟ್ಟಿಗೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆ ಹನ್ನೊಂದರಲ್ಲಿ ಎಷ್ಟು ತನ್ನ ತಾಟಿಗೆ ಬಂದಿದ್ದವು ಎಂದು ಅವನಿಗೆ ನೆನಪಿರಲಿಲ್ಲ. ನಕ್ಕದ್ದು ಮಾತ್ರ ನೆನಪಿತ್ತು.

ಹೊನ್ನವ್ವ ಆಯಿ ಗೋಡೆ ಹಿಡಿದು ಎದ್ದಳು. ತಾಟೊಂದನ್ನು ಒರೆಸಿದಳು. ಬುಟ್ಟಿಯಲ್ಲಿದ್ದ ಆ ಒಂದು ರೊಟ್ಟಿಯನ್ನು ಇಟ್ಟು, ಮೆಂತ್ಯೆ ಪಲ್ಯ ಹಾಕಿ, ಶೇಂಗಾ ಚಟ್ನಿಯ ಮೇಲೆ ಎಣ್ಣೆ ಬಿಟ್ಟು, ಒಲೆಯ ಹತ್ತಿರ ಸೊಸೆಯ ಮುಂದೆ ಸರಿಸಿದಳು.

"ಕುಂತ ತಿನ್ನವ್ವ," ಅಂದಳು.

"ಅವರು ಹಸದ ಬಂದಾರ್ರಿ ಅತ್ತಿ."

"ನನಗೇನ ಅವಸರಿಲ್ಲ," ಎಂದ ಬಸಂತರಾಯ. ಮುಂಜಾನೆಯಿಂದ ಅವನ ಹೊಟ್ಟೆಯಲ್ಲಿ ಎರಡು ಬಾಳೆಹಣ್ಣು ಬಿಟ್ಟರೆ ಏನೂ ಇರಲಿಲ್ಲ.

ವಿಜಯಲಕ್ಷ್ಮಿ ಒಬ್ಬೊಬ್ಬರ ಮುಖ ನೋಡಿದಳು. ಯಾರೂ ನಗುತ್ತಿರಲಿಲ್ಲ. ಅವಳು ಕೈ ತೊಳೆದು, ಚಕ್ಕಳಮಕ್ಕಳ ಹಾಕಿ ಕೂತು, ರೊಟ್ಟಿ ಮುರಿದಳು. ಅವಸರ ಮಾಡಲಿಲ್ಲ. ಪಲ್ಯ ಹಚ್ಚಿಕೊಂಡು, ಚಟ್ನಿ ಹಚ್ಚಿಕೊಂಡು, ಅಂಚಿನ ಗರಿಗರಿ ಚೂರನ್ನೂ ಬಿಡದೆ ತಿಂದಳು. ನಾಲ್ಕು ಖಾಲಿ ತಾಟುಗಳು ಅವಳ ಮುಂದೆ ಕಾದಿದ್ದವು. ತಿಂದು ಮುಗಿದದ್ದನ್ನು ನೋಡಿ ಬಸಂತರಾಯ ಮೆಲ್ಲಗೆ ತನ್ನ ತಾಟನ್ನು ಒಲೆಯ ಕಡೆ ಸರಿಸಿದ.

"ತಡೀರಿ," ಅಂದಳು ವಿಜಯಲಕ್ಷ್ಮಿ. "ಇನ್ನೊಂದ ತಿಂತೇನಿ."